ಪರೀಕ್ಷಾ ಕೊಠಡಿಯ ಹೊರಗಿನ ಬೆಂಚಿನಿಂದ: ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಸಾರ್ವಜನಿಕ ಆಸ್ಪತ್ರೆಗಳ ಹಾಗೂ ಆರೋಗ್ಯ ಕೇಂದ್ರಗಳ ಆಡಳಿತದ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳಿಗೆ,

ವಿಷಯ: ಎಚ್‌ಐವಿ ತಡೆ, ಪರೀಕ್ಷೆ ಮತ್ತು ಆಸರೆಯ ಕುರಿತ ತಿಳಿವಳಿಕೆ ಆಸ್ಪತ್ರೆಯ ಒಳಗಿನಿಂದಲೇ ಆರಂಭವಾಗಬೇಕೆಂದು ಮನವಿ.

ಮಾನ್ಯರೇ,

ನಾನು 17 ವರ್ಷಗಳಿಂದ ಎಚ್‌ಐವಿಯೊಂದಿಗೆ ಬದುಕುತ್ತಿದ್ದೇನೆ. ಸೋಂಕು ಪತ್ತೆಯಾದಾಗ ವೈದ್ಯರು ನನ್ನ ಸಿಡಿ4 ಎಣಿಕೆ, ಅಂದರೆ ರಕ್ತದಲ್ಲಿನ ರೋಗನಿರೋಧಕ ಕಣಗಳ ಲೆಕ್ಕ ನೋಡಿ, ‘ಇನ್ನೂ ಚೆನ್ನಾಗಿದೆ, ಇಳಿದ ಮೇಲೆ ಮಾತ್ರೆ ಶುರು ಮಾಡೋಣ’ ಎಂದಿದ್ದರು. ಆಗಿನ ಪದ್ಧತಿ ಹಾಗಿತ್ತು. ಆ ಎಣಿಕೆ ಇಳಿಯುವುದನ್ನೇ ಕಾಯುತ್ತಾ ಎರಡು ವರ್ಷ ಕಳೆದೆ. ಆಮೇಲೆ ವೈರಸ್ಸನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಆರಂಭವಾಯಿತು, ಅಂದಿನಿಂದ ಬಿಟ್ಟಿಲ್ಲ. ಕಳೆದ ಆರು ವರ್ಷಗಳಿಂದ ವಾರಕ್ಕೆ ಎರಡು ದಿನ ಪರೀಕ್ಷಾ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತು, ಒಂಟಿಯಾಗಿ ಬಂದವರಿಗೆ ಜೊತೆಯಾಗುವ ಕೆಲಸವನ್ನು ಸ್ವಯಂಸೇವಕಿಯಾಗಿ ಮಾಡುತ್ತಿದ್ದೇನೆ. ಇಲ್ಲಿ ನಾನು ಹೇಳುವ ಘಟನೆಗಳೆಲ್ಲ ಅಲ್ಲಿ ಕಣ್ಣಾರೆ ಕಂಡವು, ಇಲ್ಲವೇ ಅಲ್ಲಿಗೆ ಬಂದವರು ನನ್ನ ಕೈ ಹಿಡಿದು ಹೇಳಿದವು. ಯಾವ ಆಸ್ಪತ್ರೆ, ಯಾರ ಪಾಳಿ ಎಂಬುದನ್ನು ಬರೆಯುವುದಿಲ್ಲ. ಒಬ್ಬ ನೌಕರರಿಗೆ ನೋಟಿಸ್ ಕೊಟ್ಟು ಕಡತ ಮುಚ್ಚಿಬಿಡುವ ದಾರಿ ಸಿಗಬಾರದು ಎಂಬುದೇ ಅದಕ್ಕೆ ಕಾರಣ.

ಈ ಪತ್ರ ಬರೆಯಲೇಬೇಕೆನಿಸಿದ್ದು ಒಬ್ಬ ಯುವಕನಿಂದ. ಒಂದು ಶುಕ್ರವಾರ ರಾತ್ರಿ ಹನ್ನೊಂದರ ಸುಮಾರಿಗೆ ಅವನು ಬಳಸಿದ್ದ ಕಾಂಡೋಮ್ ಹರಿದಿತ್ತು. ಜೊತೆಗಿದ್ದವರು ತಮಗೆ ಎಚ್‌ಐವಿ ಇರುವುದನ್ನೂ, ಕೆಲವು ತಿಂಗಳಿಂದ ಮಾತ್ರೆ ಬಿಟ್ಟಿರುವುದನ್ನೂ ಆಗಲೇ ಪ್ರಾಮಾಣಿಕವಾಗಿ ಹೇಳಿದ್ದರು. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಅವನು ಹೆದರಿದರೂ ಬುದ್ಧಿ ಕಳೆದುಕೊಳ್ಳದೆ ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋದ. ಅಲ್ಲಿದ್ದವರು ಅವನನ್ನು ಮೇಲಿಂದ ಕೆಳಗೆ ನೋಡಿ, ‘ಇದು ತುರ್ತು ಕೇಸಲ್ಲ, ಸೋಮವಾರ ಪರೀಕ್ಷಾ ಕೊಠಡಿ ತೆರೆದಾಗ ಬನ್ನಿ’ ಎಂದು ಕಳುಹಿಸಿದರು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಂದ. ಬೆರಳು ಚುಚ್ಚಿ ರಕ್ತ ತೆಗೆದು, ಅರ್ಧ ಗಂಟೆಯಲ್ಲಿ ‘ನೆಗೆಟಿವ್, ಏನೂ ಇಲ್ಲ, ಹೋಗಿ’ ಎಂದರು. ಮಂಗಳವಾರ ಮಧ್ಯಾಹ್ನ ಅವನು ನನ್ನ ಬೆಂಚಿನ ಬಳಿ ಬಂದು ಕುಳಿತಾಗ ಅವನ ಮುಷ್ಟಿಯಲ್ಲಿ ಆ ಚೀಟಿ ಬೆವರಿನಿಂದ ಒದ್ದೆಯಾಗಿತ್ತು. ಸೋಂಕು ತಗುಲಿರಬಹುದಾದ ಸಂದರ್ಭದಲ್ಲಿ ತೆಗೆದುಕೊಳ್ಳುವ ಔಷಧಿಯೊಂದಿದೆ ಎಂಬುದನ್ನು ಅವನು ಹಿಂದಿನ ರಾತ್ರಿ ತಾನೇ ಹುಡುಕಿ ಓದಿಕೊಂಡಿದ್ದ. ‘ಈಗ ಕೊಡ್ತಾರಾ ಅಕ್ಕಾ?’ ಎಂದು ಕೇಳಿದ.

ಆ ಔಷಧಿಗೆ ಪೆಪ್ ಎನ್ನುತ್ತಾರೆ ಎಂಬುದು ತಮಗೆ ತಿಳಿಯದ್ದಲ್ಲ. ವೈರಸ್ ದೇಹದಲ್ಲಿ ನೆಲೆಯೂರುವ ಮೊದಲೇ ಅದನ್ನು ತಡೆಯುವ ಮಾತ್ರೆಗಳು ಇವು. ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ತಪ್ಪದೆ ನುಂಗಬೇಕು. ಪರೀಕ್ಷೆಯ ಫಲಿತಾಂಶ ಬರಲಿ ಎಂದು ಮೊದಲ ಮಾತ್ರೆಯನ್ನು ತಡೆಹಿಡಿಯಬೇಕಾದ ಅಗತ್ಯವೂ ಇಲ್ಲ. ಲೆಕ್ಕ ಹಾಕಿ ನೋಡಿ: ಆ ಹುಡುಗ ತುರ್ತು ವಿಭಾಗದ ಬಾಗಿಲಿಗೆ ಬಂದಾಗ ಕಳೆದಿದ್ದದ್ದು ಮೂರೇ ಗಂಟೆ. ಸೋಮವಾರ ಪರೀಕ್ಷಾ ಕೊಠಡಿಗೆ ಬಂದಾಗ 59 ಗಂಟೆ. ಆಗಲೂ 13 ಗಂಟೆ ಉಳಿದಿತ್ತು. ಎರಡು ಸಲ ಬಂದ, ಎರಡು ಸಲವೂ ನಾವು ಅವನನ್ನು ಬರಿಗೈಯಲ್ಲಿ ಕಳುಹಿಸಿದೆವು. ನಾವು ಎಂದೆ, ಏಕೆಂದರೆ ಸೋಮವಾರ ನಾನು ಬೆಂಚಿನ ಮೇಲೆ ಇರಲಿಲ್ಲ ಎಂಬ ಸಂಕಟ ನನಗೂ ಇದೆ.

ಅಂದು ಪರೀಕ್ಷೆ ಮಾಡಿದ್ದು ತಪ್ಪಲ್ಲ; ಅವನಿಗೆ ಮೊದಲೇ ಸೋಂಕು ಇತ್ತೇ ಎಂದು ತಿಳಿಯಲು ಅದು ಬೇಕಿತ್ತು. ಆದರೆ ‘ಏನೂ ಇಲ್ಲ, ಹೋಗಿ’ ಎಂದದ್ದು ಮಾತ್ರ ಅಕ್ಷಮ್ಯ. ಬೆರಳ ತುದಿಯ ರಕ್ತದಲ್ಲಿ ಮಾಡುವ, ವೈರಸ್ ವಿರುದ್ಧ ದೇಹ ಹುಟ್ಟಿಸುವ ಪ್ರತಿಕಾಯಗಳನ್ನು ಹುಡುಕುವ ಸಾಮಾನ್ಯ ಪರೀಕ್ಷೆಯಲ್ಲಿ ಸೋಂಕು ಕಾಣಿಸಿಕೊಳ್ಳಲು 23ರಿಂದ 90 ದಿನ ಹಿಡಿಯಬಹುದು. ವಿಂಡೋ ಪೀರಿಯಡ್ ಎನ್ನುವ ಈ ಅವಧಿಯಲ್ಲಿ ಬರುವ ನೆಗೆಟಿವ್ ಉತ್ತರ ಹಳೆಯ ದಿನಗಳ ಬಗ್ಗೆ ಹೇಳುತ್ತದೆಯೇ ಹೊರತು ಮೊನ್ನೆ ರಾತ್ರಿಯ ಬಗ್ಗೆ ಹೇಳುವುದಿಲ್ಲ. ಇದನ್ನು ತಿಳಿಸದೆ ಕಳುಹಿಸಿದ ವ್ಯಕ್ತಿ ತನಗೆ ಸೋಂಕಿಲ್ಲವೆಂದು ನಂಬಿ ಬದುಕುತ್ತಾನೆ. ಸೋಂಕು ತಗುಲಿದ ಆರಂಭದ ವಾರಗಳಲ್ಲೇ ರಕ್ತದಲ್ಲಿ ವೈರಸ್ ಅತಿ ಹೆಚ್ಚಿರುತ್ತದೆ, ಇತರರಿಗೆ ದಾಟುವ ಸಾಧ್ಯತೆಯೂ ಆಗಲೇ ಹೆಚ್ಚು. ಆ ಹುಡುಗ ಮೂರು ತಿಂಗಳ ದಿನಗಳನ್ನು ಒಂದು ಪುಟ್ಟ ಡೈರಿಯಲ್ಲಿ ಗೀಟು ಹಾಕಿ ಎಣಿಸಿದ. ಪ್ರತಿ ವಾರ ಬಂದು ಗೀಟುಗಳನ್ನು ತೋರಿಸಿ ಹೋಗುತ್ತಿದ್ದ. ಕೊನೆಯ ಪರೀಕ್ಷೆಯೂ ನೆಗೆಟಿವ್ ಬಂತು. ಅವನ ಅದೃಷ್ಟ ಗಟ್ಟಿಯಿತ್ತು, ಅಷ್ಟೇ. ಅದರ ಹೆಗ್ಗಳಿಕೆ ನಮ್ಮ ವ್ಯವಸ್ಥೆಗೆ ಸಲ್ಲತಕ್ಕದ್ದಲ್ಲ.

ಮಾನ್ಯರೇ, ಪ್ರತಿ ವರ್ಷ ಡಿಸೆಂಬರ್ 1ರಂದು ಜಾಗೃತಿ ಜಾಥಾ ನಡೆಯುತ್ತದೆ. ವಿಶ್ವ ಏಡ್ಸ್ ದಿನವನ್ನು 1988ರಿಂದ ಆಚರಿಸುತ್ತಾ ಬಂದಿದ್ದೇವೆ. ಅಂದು ಎದೆಗೆ ಕೆಂಪು ರಿಬ್ಬನ್ ಸಿಕ್ಕಿಸಿಕೊಂಡು ಭಾಷಣ ಮಾಡುವವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಜನರಿಗೆ ತಿಳಿವಳಿಕೆ ಇಲ್ಲ ಎಂದು ವೇದಿಕೆಯಿಂದ ಹೇಳುವ ಮುನ್ನ, ತಿಳಿದುಕೊಂಡು ನಡುರಾತ್ರಿ ನಮ್ಮ ಬಾಗಿಲಿಗೆ ಬಂದವನಿಗೆ ನಮ್ಮಲ್ಲೇ ಉತ್ತರವಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕಲ್ಲವೇ? ಹೊರಗಿನವರಿಗಿಂತ ಮೊದಲು ಆಸ್ಪತ್ರೆಯ ಒಳಗಿನವರಿಗೆ ತಿಳಿವಳಿಕೆ ಬೇಕು ಎಂಬುದೇ ನನ್ನ ದೂರಿನ ತಿರುಳು.

ನಾನು ಕೂರುವ ಬೆಂಚಿನ ಎದುರು ಗೋಡೆಯಲ್ಲಿ ಹಳೆಯದೊಂದು ಭಿತ್ತಿಪತ್ರವಿದೆ. ಎಲುಬಿನ ಹಂದರವಾದ ಒಂದು ಆಕೃತಿ, ಅದರ ಕೆಳಗೆ ಏಡ್ಸ್ ಎಂದರೆ ಸಾವು ಎಂಬ ಅರ್ಥದ ಮಾತು. ಪರೀಕ್ಷೆಗೆಂದು ಧೈರ್ಯ ಮಾಡಿ ಬಂದವರು ಫಲಿತಾಂಶಕ್ಕಾಗಿ ಕಾಯುವ ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂರಬೇಕು. ಕೆಲವರು ರಕ್ತ ಕೊಟ್ಟು ಫಲಿತಾಂಶ ಪಡೆಯದೆಯೇ ಎದ್ದು ಹೋಗಿದ್ದಾರೆ. ಆ ಚಿತ್ರಕ್ಕೂ ಅವರ ಹೋಗುವಿಕೆಗೂ ಸಂಬಂಧವಿಲ್ಲವೆಂದು ನನ್ನನ್ನು ಯಾರೂ ನಂಬಿಸಲಾರರು. ಆ ಭಯಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು ಎಂಬುದನ್ನು ನಾನು ಬಲ್ಲೆ. 1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರ ಕಾಯಿಲೆಯ ವರದಿ ಹೊರಬಂದಾಗ ರೋಗಕ್ಕೆ ಹೆಸರೂ ಇರಲಿಲ್ಲ. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರೆ ಸಿನೂಸಿ, ಲ್ಯೂಕ್ ಮೊಂಟಾನಿಯೆ ಮತ್ತು ಅವರ ಸಂಗಡಿಗರು ವೈರಸ್ಸನ್ನು ಗುರುತಿಸಿದರು, 1985ರಲ್ಲಿ ರಕ್ತಪರೀಕ್ಷೆ ಬಂತು, 1987ರಲ್ಲಿ ಮೊದಲ ಔಷಧಿ ಬಂತು, ಆದರೂ ಜನ ಸಾಯುತ್ತಲೇ ಇದ್ದರು. 1996ರ ಹೊತ್ತಿಗೆ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದ ಮೇಲೆ ಹಾಸಿಗೆ ಹಿಡಿದವರು ಎದ್ದು ಕೆಲಸಕ್ಕೆ ಹೋಗತೊಡಗಿದರು. ಸಿಡಿ4 ಎಣಿಕೆ ಎಷ್ಟೇ ಇರಲಿ, ಸೋಂಕು ಪತ್ತೆಯಾದವರೆಲ್ಲರಿಗೂ ಕೂಡಲೇ ಚಿಕಿತ್ಸೆ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ನಾನು ಕಾದಂತೆ ಇನ್ನು ಯಾರೂ ಕಾಯಬೇಕಿಲ್ಲ. ಔಷಧಿ ಇಷ್ಟು ದೂರ ಬಂದರೂ ಗೋಡೆಯ ಮೇಲಿನ ಮಾತು ಮಾತ್ರ 1980ರ ದಶಕದಲ್ಲೇ ನಿಂತಿದೆ.

ಆ ಗೋಡೆಯ ಮೇಲೆ ಇರಬೇಕಾಗಿದ್ದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತೇನೆ. ದಿನವೂ ಮಾತ್ರೆ ನುಂಗಿ, ರಕ್ತದಲ್ಲಿನ ವೈರಸ್ ಪ್ರಮಾಣವನ್ನು ಅಂದರೆ ವೈರಲ್ ಲೋಡನ್ನು ಪರೀಕ್ಷೆಯ ಅಳತೆಗೆ ಸಿಗದಷ್ಟು ಕೆಳಗೆ ಇರಿಸಿಕೊಂಡವರಿಂದ ಲೈಂಗಿಕ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಒಬ್ಬರಿಗೆ ಮಾತ್ರ ಸೋಂಕಿದ್ದ ದಂಪತಿಗಳ ಮೇಲೆ ಹಲವು ದೇಶಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವು, ಬೇಗನೆ ಚಿಕಿತ್ಸೆ ಆರಂಭಿಸಿದರೆ ಸಂಗಾತಿಗೆ ಸೋಂಕು ದಾಟುವುದು ಶೇ 96ರಷ್ಟು ಕಡಿಮೆಯಾಗುತ್ತದೆ ಎಂದು ತೋರಿಸಿತು. ಅನಂತರ ಯುರೋಪಿನಲ್ಲಿ ಎರಡು ಹಂತಗಳಲ್ಲಿ ನಡೆದ ಪಾರ್ಟ್‌ನರ್ ಎಂಬ ಅಧ್ಯಯನವು ವೈರಲ್ ಲೋಡ್ ಹತೋಟಿಯಲ್ಲಿದ್ದ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿತು. ಕಾಂಡೋಮ್ ಇಲ್ಲದ ಸಾವಿರಾರು ಸಂದರ್ಭಗಳ ನಡುವೆಯೂ ಸೋಂಕಿತ ಸಂಗಾತಿಯಿಂದ ಮತ್ತೊಬ್ಬರಿಗೆ ಎಚ್‌ಐವಿ ದಾಟಿದ ಒಂದೇ ಒಂದು ಪ್ರಕರಣ ಸಿಗಲಿಲ್ಲ. ‘ಪತ್ತೆಯಾಗದಿದ್ದರೆ ಹರಡದು’ ಎಂದು ಇದನ್ನು ಎರಡೇ ಪದಗಳಲ್ಲಿ ಹೇಳಬಹುದು. ನನ್ನ ಗಂಡನಿಗೆ ಸೋಂಕಿಲ್ಲ. ನಮ್ಮ 12 ವರ್ಷದ ಮಗಳಿಗೂ ಇಲ್ಲ. ಏನೂ ಮಾಡದೆ ಬಿಟ್ಟರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ 15ರಿಂದ 45ರಷ್ಟಿರುತ್ತದೆ. ಗರ್ಭಾವಸ್ಥೆಯಿಂದ ಎದೆಹಾಲು ಬಿಡಿಸುವವರೆಗೆ ಸರಿಯಾದ ಚಿಕಿತ್ಸೆ ಸಿಕ್ಕರೆ ಅದು ಶೇ 5ಕ್ಕಿಂತ ಕೆಳಗಿಳಿಯುತ್ತದೆ. ಇದನ್ನು ಬೆಂಚಿನ ಮೇಲೆ ಕುಳಿತ ಒಬ್ಬ ಗರ್ಭಿಣಿಗೆ ಹೇಳಿದಾಗ ಆಕೆ ನಂಬದೆ, ‘ಹಾಗಿದ್ದರೆ ನರ್ಸಮ್ಮ ಯಾಕೆ ಹೇಳಲಿಲ್ಲ?’ ಎಂದು ಕೇಳಿದ್ದರು. ಆ ಪ್ರಶ್ನೆಯನ್ನು ತಮಗೆ ತಲುಪಿಸುತ್ತಿದ್ದೇನೆ.

ಗರ್ಭಿಣಿಯರ ವಿಷಯದಲ್ಲಿ ಇನ್ನೊಂದು ಮಾತು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಪರೀಕ್ಷೆಗೆ ಒಳಗಾಗುವವಳು ಬಹಳ ಸಲ ಬಸುರಿ ಹೆಂಗಸೇ. ಮೊದಲು ಗೊತ್ತಾದದ್ದು ಅವಳಿಗೆ ಎಂಬ ಒಂದೇ ಕಾರಣಕ್ಕೆ ಸೋಂಕು ತಂದವಳೂ ಅವಳೇ ಎಂಬ ತೀರ್ಪು ಮನೆಯಲ್ಲಿ ಆಗಿಬಿಡುತ್ತದೆ. ಪರೀಕ್ಷೆಯ ದಿನಾಂಕಕ್ಕೂ ಸೋಂಕು ಮೊದಲು ಯಾರಿಗೆ ತಗುಲಿತು ಎಂಬುದಕ್ಕೂ ಸಂಬಂಧವಿಲ್ಲ ಎಂಬುದನ್ನು ಆಪ್ತಸಮಾಲೋಚಕರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ, ಅದಕ್ಕೆ ಆಕೆಯ ಒಪ್ಪಿಗೆ ಪಡೆದ ಮೇಲೆ, ಬಿಡಿಸಿ ಹೇಳಬೇಕು. ಎಷ್ಟೋ ಕಡೆ ಅದಕ್ಕೆ ಸಮಯವೂ ಇಲ್ಲ, ಬಾಗಿಲು ಮುಚ್ಚಿ ಮಾತನಾಡಲು ಜಾಗವೂ ಇಲ್ಲ.

ಈಗ ಒಳರೋಗಿಗಳ ವಾರ್ಡಿಗೆ ಬರುತ್ತೇನೆ. ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದ ನನ್ನ ಗೆಳತಿಯೊಬ್ಬಳ ಕಡತದ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡ ವೃತ್ತ ಎಳೆದಿದ್ದರು. ಊಟ ತರುವವರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಆ ವೃತ್ತದ ಅರ್ಥ ಗೊತ್ತು. ಪಕ್ಕದ ಹಾಸಿಗೆಯವರು ಸಂಜೆಯೊಳಗೆ ಜಾಗ ಬದಲಿಸಿಕೊಂಡರು. ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ ಅವಳ ಹೆಸರನ್ನು ಎರಡು ದಿನವೂ ಕೊನೆಗೆ ತಳ್ಳಿದರು. ಎರಡು ದಿನವೂ ಸಮಯ ಸಾಲದೆ ಉಪವಾಸವಿದ್ದವಳನ್ನು ವಾರ್ಡಿಗೆ ಹಿಂದಕ್ಕೆ ತಂದರು. ಸಿಬ್ಬಂದಿಯ ಸುರಕ್ಷತೆಗಾಗಿ ಹೀಗೆ ಮಾಡುತ್ತೇವೆ ಎಂಬುದು ಸಿಕ್ಕ ಉತ್ತರ. ಸಿಬ್ಬಂದಿಯ ಸುರಕ್ಷತೆ ನನಗೂ ಮುಖ್ಯವೇ, ಆದ್ದರಿಂದಲೇ ಈ ಉತ್ತರವನ್ನು ಒಪ್ಪಲಾರೆ. ಕೆಂಪು ವೃತ್ತ ಬೀಳುವುದು ಸೋಂಕು ಇದೆಯೆಂದು ಗೊತ್ತಿರುವವರ ಕಡತದ ಮೇಲೆ ಮಾತ್ರ. ಅವರಲ್ಲಿ ಹೆಚ್ಚಿನವರು ಮಾತ್ರೆ ನುಂಗುತ್ತಿರುವವರು. ತನಗೆ ಸೋಂಕಿರುವುದೇ ತಿಳಿಯದವನ ಕಡತ ಬೆಳ್ಳಗಿರುತ್ತದೆ. ಹಾಗಾಗಿ ಆ ಗುರುತನ್ನು ನಂಬಿ ಕೆಲಸ ಮಾಡುವ ನರ್ಸ್ ಅಪಾಯವನ್ನು ಹೆಚ್ಚಿಸಿಕೊಳ್ಳುತ್ತಾರೆ. ಎಲ್ಲರ ರಕ್ತವನ್ನೂ ಸೋಂಕಿರಬಹುದಾದ ರಕ್ತವೆಂದೇ ತಿಳಿದು, ಎಲ್ಲರಿಗೂ ಒಂದೇ ಬಗೆಯ ಮುನ್ನೆಚ್ಚರಿಕೆ ವಹಿಸಬೇಕೆಂಬ ನಿಯಮವಿರುವುದು ಇದಕ್ಕಾಗಿಯೇ. ಎಚ್‌ಐವಿ ಇರುವ ರಕ್ತದ ಸೂಜಿ ಚುಚ್ಚಿದಾಗ ಸೋಂಕು ತಗುಲುವ ಸಾಧ್ಯತೆ ಸುಮಾರು ಶೇ 0.3, ಲಸಿಕೆ ಹಾಕಿಸಿಕೊಳ್ಳದವರಿಗೆ ಇದೇ ರೀತಿ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ತಗುಲುವ ಸಾಧ್ಯತೆ ಶೇ 30ರವರೆಗೂ ಹೋಗಬಹುದು. ಹೀಗಿರುವಾಗ ಸಿಬ್ಬಂದಿಗೆ ಬೇಕಿರುವುದು ಕೈಗವಸು, ಸೂಜಿ ಹಾಕುವ ಗಟ್ಟಿ ಡಬ್ಬಿ, ಹೆಪಟೈಟಿಸ್ ಲಸಿಕೆ ಮತ್ತು ಕೈಗೆಟುಕುವಲ್ಲಿ ಪೆಪ್ ಮಾತ್ರೆ. ಕೆಂಪು ಶಾಯಿ ಅವರನ್ನು ಕಾಯುವುದಿಲ್ಲ.

ಮಾತ್ರೆಯ ಡಬ್ಬಿಯ ವಿಷಯವನ್ನೂ ಹೇಳಬೇಕು. ಔಷಧಿ ವಿತರಣೆಯ ಕಿಟಕಿಯಿಂದ ಈಚೆ ಬಂದವರು ನೇರ ಮನೆಗೆ ಹೋಗುವುದಿಲ್ಲ, ಮೊದಲು ಶೌಚಾಲಯಕ್ಕೆ ಹೋಗುತ್ತಾರೆ. ಅಲ್ಲಿ ಡಬ್ಬಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯುತ್ತಾರೆ. ಒಳಗೆ ಹತ್ತಿ ತುರುಕುತ್ತಾರೆ, ನಡೆಯುವಾಗ ಚೀಲದಲ್ಲಿ ಮಾತ್ರೆ ಗಲಗಲ ಎನ್ನದಿರಲಿ ಎಂದು. ನಾನೂ ಎಷ್ಟೋ ವರ್ಷ ಹಾಗೆಯೇ ಮಾಡಿದ್ದೇನೆ. ಇಷ್ಟು ಅಡಗಿಸಿಕೊಂಡು ನುಂಗಬೇಕಾದ ಮಾತ್ರೆಯನ್ನು ಜನ ಎಂದಾದರೂ ಒಂದು ದಿನ ಬಿಟ್ಟುಬಿಡುತ್ತಾರೆ. ಬಿಟ್ಟವರನ್ನು ‘ಜವಾಬ್ದಾರಿ ಇಲ್ಲದವರು’ ಎಂದು ರಿಜಿಸ್ಟರಿನಲ್ಲಿ ಗುರುತಿಸುವ ಬದಲು, ಏಕೆ ಬಿಟ್ಟರು ಎಂದು ಯಾರಾದರೂ ಕೇಳಬೇಕು. ಕೇಳಿದರೆ ಸಿಗುವ ಉತ್ತರಗಳು ಬಹಳ ಸಾಮಾನ್ಯವಾದವು. ತಿಂಗಳಿಗೊಮ್ಮೆ ಕೆಲಸಕ್ಕೆ ರಜೆ ಹಾಕಿ ಸಾಲಿನಲ್ಲಿ ನಿಲ್ಲಲಾಗದು, ಕಿಟಕಿಯಲ್ಲಿ ಹೆಸರು ಹಿಡಿದು ಕೂಗುತ್ತಾರೆ, ಪರಿಚಯವಾಗಿದ್ದ ಆಪ್ತಸಮಾಲೋಚಕರು ವರ್ಗವಾಗಿ ಹೋದರು. ಆರೋಗ್ಯ ಸ್ಥಿರವಾಗಿರುವವರಿಗೆ ಮೂರರಿಂದ ಆರು ತಿಂಗಳ ಮಾತ್ರೆಯನ್ನು ಒಮ್ಮೆಲೇ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಶಿಫಾರಸು ಮಾಡಿರುವಾಗ ತಿಂಗಳ ಸಾಲು ಇನ್ನೂ ಏಕಿದೆ?

ತಡೆಯ ದಾರಿಗಳೂ ಹೆಚ್ಚಿವೆ. ಕಾಂಡೋಮ್ ಇಂದಿಗೂ ಸುಲಭವಾದ ರಕ್ಷಣೆ. ಮಾದಕ ವಸ್ತು ಚುಚ್ಚಿಕೊಳ್ಳುವವರಿಗೆ ಶುದ್ಧ ಸೂಜಿ ಸಿಗುವಂತೆ ಮಾಡುವುದು ಅಷ್ಟೇ ಮುಖ್ಯ. ಸೋಂಕಿನ ಅಪಾಯ ಹೆಚ್ಚಿರುವವರು ಮುಂಚಿತವಾಗಿಯೇ ನುಂಗುವ ಪ್ರೆಪ್ ಮಾತ್ರೆಗೆ ಅಮೆರಿಕ 2012ರಲ್ಲಿ ಒಪ್ಪಿಗೆ ಕೊಟ್ಟಿತು. ಆರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಲೆನಾಕಾಪವಿರ್ ಚುಚ್ಚುಮದ್ದನ್ನು 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಇಷ್ಟೆಲ್ಲ ಇದ್ದೂ ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮದ ಅಂದಾಜಿನಂತೆ 2024ರಲ್ಲಿ ಜಗತ್ತಿನಾದ್ಯಂತ ಸುಮಾರು 13 ಲಕ್ಷ ಮಂದಿಗೆ ಹೊಸದಾಗಿ ಸೋಂಕು ತಗುಲಿತು, 6.3 ಲಕ್ಷ ಮಂದಿ ಏಡ್ಸ್ ಸಂಬಂಧಿ ಕಾಯಿಲೆಗಳಿಂದ ತೀರಿಕೊಂಡರು. ಎಚ್‌ಐವಿಯೊಂದಿಗೆ ಬದುಕುತ್ತಿರುವ 4 ಕೋಟಿಗೂ ಹೆಚ್ಚು ಜನರಲ್ಲಿ ಸುಮಾರು 90 ಲಕ್ಷ ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲ. ಔಷಧಿಯಿಲ್ಲದ ಕಾಲದಲ್ಲಿ ಆದ ಸಾವು ಬೇರೆ, ಔಷಧಿಯಿರುವ ಕಾಲದಲ್ಲಿ ಆಗುವ ಸಾವು ಬೇರೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳಿವು. ಹಗಲು ರಾತ್ರಿ ತೆರೆದಿರುವ ಪ್ರತಿಯೊಂದು ತುರ್ತು ಚಿಕಿತ್ಸಾ ವಿಭಾಗದಲ್ಲೂ ಪೆಪ್ ಮಾತ್ರೆಗಳ ಕನಿಷ್ಠ ಮೊದಲ ಕೆಲವು ದಿನಗಳ ದಾಸ್ತಾನು ಇರಬೇಕು, ಅದನ್ನು ಕೊಡುವ ಅಧಿಕಾರ ಪಾಳಿಯಲ್ಲಿರುವ ವೈದ್ಯರಿಗಿರಬೇಕು. ಸೂಜಿ ಚುಚ್ಚಿದ ಸಿಬ್ಬಂದಿಗೆ ಸಿಗುವಷ್ಟೇ ಬೇಗ ಅತ್ಯಾಚಾರಕ್ಕೊಳಗಾದವರಿಗೂ, ಕಾಂಡೋಮ್ ಹರಿದು ಬಂದವರಿಗೂ, ಅವರ ನಡತೆಯ ವಿಚಾರಣೆ ಮಾಡದೆ ಅದು ಸಿಗಬೇಕು. ಹೆದರಿಸುವ ಭಿತ್ತಿಪತ್ರಗಳನ್ನು ತೆಗೆಸಿ, 72 ಗಂಟೆಯ ಮಾತನ್ನೂ ವಿಂಡೋ ಪೀರಿಯಡ್ಡಿನ ಮಾತನ್ನೂ ‘ಪತ್ತೆಯಾಗದಿದ್ದರೆ ಹರಡದು’ ಎಂಬ ಮಾತನ್ನೂ ಓದಲು ಬರುವವರಿಗೆ ದೊಡ್ಡ ಅಕ್ಷರದಲ್ಲಿ, ಬಾರದವರಿಗೆ ಬಾಯಿಮಾತಿನಲ್ಲಿ ತಿಳಿಸಬೇಕು. ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವುದು, ಫಲಿತಾಂಶವನ್ನು ವ್ಯಕ್ತಿಗಿಂತ ಮೊದಲು ಜೊತೆಗೆ ಬಂದವರಿಗೆ ಹೇಳುವುದು, ಕಡತಕ್ಕೆ ಗುರುತು ಹಾಕುವುದು ಈ ಮೂರನ್ನೂ ಲಿಖಿತ ಆದೇಶದ ಮೂಲಕ ನಿಲ್ಲಿಸಬೇಕು. ಕಿಟಕಿಯಲ್ಲಿ ಹೆಸರಿನ ಬದಲು ಸಂಖ್ಯೆ ಕರೆದರೆ ಸಾಕು. ಸಂಜೆಯ ಹೊತ್ತು ವಾರದಲ್ಲಿ ಎರಡು ದಿನವಾದರೂ ಪರೀಕ್ಷಾ ಕೊಠಡಿ ತೆರೆದಿರಲಿ, ಬರಲಾಗದವರಿಗೆ ಮನೆಯಲ್ಲೇ ಮಾಡಿಕೊಳ್ಳುವ ಸ್ವಯಂ ಪರೀಕ್ಷಾ ಕಿಟ್ ಸಿಗಲಿ, ಅದರಲ್ಲಿ ಪಾಸಿಟಿವ್ ಬಂದರೆ ಖಚಿತಪಡಿಸಿಕೊಳ್ಳಲು ಎಲ್ಲಿಗೆ ಬರಬೇಕೆಂಬುದೂ ಅದರ ಜೊತೆಯಲ್ಲೇ ಬರೆದಿರಲಿ.

ಎಲ್ಲಕ್ಕಿಂತ ಹೆಚ್ಚಾಗಿ, ಈ ಕೆಲಸದಲ್ಲಿ ನಮ್ಮನ್ನು ಸೇರಿಸಿಕೊಳ್ಳಿ. 1983ರಷ್ಟು ಹಿಂದೆಯೇ ಅಮೆರಿಕದ ಡೆನ್ವರ್ ನಗರದಲ್ಲಿ ಸೇರಿದ್ದ ಸೋಂಕಿತರು, ತಮ್ಮನ್ನು ಬಲಿಪಶುಗಳೆಂದು ಕರೆಯಬೇಡಿ, ತಮಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ತಮಗೂ ಪಾಲಿರಬೇಕು ಎಂದು ಕೇಳಿದ್ದರು. ಪಾಸಿಟಿವ್ ಎಂಬ ಪದ ಕಿವಿಗೆ ಬಿದ್ದ ಮೊದಲ ಗಂಟೆಯಲ್ಲಿ ಒಬ್ಬ ವ್ಯಕ್ತಿಗೆ ಬೇಕಾಗುವುದು ಅದೇ ಪದವನ್ನು ಕೇಳಿಸಿಕೊಂಡೂ ವರ್ಷಗಟ್ಟಲೆ ಬದುಕಿರುವ ಇನ್ನೊಬ್ಬ ಮನುಷ್ಯ. ನಾನು ಆರು ವರ್ಷಗಳಿಂದ ಸಂಬಳವಿಲ್ಲದೆ ಮಾಡುತ್ತಿರುವುದನ್ನು ತರಬೇತಿ ಮತ್ತು ಸಂಬಳದೊಂದಿಗೆ ಮಾಡಲು ಮುಂದೆ ಬರುವವರು ಎಲ್ಲ ಕಡೆ ಇದ್ದಾರೆ. ನನಗೆ ಸಂಬಳ ಬೇಕೆಂದು ಇದನ್ನು ಕೇಳುತ್ತಿಲ್ಲ. ನಾನು ಬಾರದ ಸೋಮವಾರವೂ ಆ ಬೆಂಚಿನ ಮೇಲೆ ಯಾರಾದರೂ ಇರಲಿ ಎಂದು ಕೇಳುತ್ತಿದ್ದೇನೆ.

ಈ ಪತ್ರದ ಕೆಳಗೆ ನನ್ನ ಹೆಸರಿಲ್ಲ. ಮಗಳು ಶಾಲೆಗೆ ಹೋಗುತ್ತಿದ್ದಾಳೆ, ಅವಳ ಸಹಪಾಠಿಗಳ ಮನೆಗಳಲ್ಲಿ ಈ ಪತ್ರ ಓದುವವರಿರಬಹುದು. ಉತ್ತರವನ್ನು ನನಗೆ ಕಳುಹಿಸಬೇಕಾದ ಅಗತ್ಯವೂ ಇಲ್ಲ. ತಾವು ಇಂದು ರಾತ್ರಿ ಹತ್ತು ಗಂಟೆಯ ನಂತರ, ತಮ್ಮ ಹುದ್ದೆಯನ್ನು ಹೇಳಿಕೊಳ್ಳದೆ, ತಮ್ಮದೇ ಅಧೀನದ ಯಾವುದಾದರೂ ಒಂದು ತುರ್ತು ಚಿಕಿತ್ಸಾ ವಿಭಾಗಕ್ಕೆ ಫೋನ್ ಮಾಡಿ, ‘ಕಾಂಡೋಮ್ ಹರಿದಿದೆ, ಮೂರು ಗಂಟೆಯಾಯಿತು, ಈಗ ಬಂದರೆ ಪೆಪ್ ಸಿಗುತ್ತದೆಯೇ?’ ಎಂದು ಕೇಳಿ ನೋಡಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪರೀಕ್ಷಾ ಕೊಠಡಿಯ ಹೊರಗೆ ಕೂರುವ ಒಬ್ಬ ಸ್ವಯಂಸೇವಕಿ